ಚರ್ಚಿನ ಪ್ರತಿಧ್ವನಿಯಲ್ಲಿ ಕೇಳಿದ ಸಾಲು

2024ರ ನವೆಂಬರ್ 16, ಶನಿವಾರ, ಮಧ್ಯಾಹ್ನ 3.40. ನನ್ನ ದಿನಚರಿಯಲ್ಲಿ ಹೀಗಿದೆ. ಅಲ್ಲಿಯವರೆಗೂ ಇಂಥ ಅನುಭವಗಳನ್ನು ಯಾರು ಹೇಳಿದರೂ ನಾನು ನಂಬುತ್ತಿರಲಿಲ್ಲ. ನೀವು ನನ್ನನ್ನು ನಂಬದಿದ್ದರೂ ಬೇಸರವಿಲ್ಲ.

ಹಳೆಯ ಕಟ್ಟಡಗಳಲ್ಲಿ ಧ್ವನಿ ಹೇಗೆ ಹರಡುತ್ತದೆ ಎಂಬುದು ನನ್ನ ಓದಿನ ವಿಷಯ. ಅದಕ್ಕಾಗಿ ಆರಿಸಿಕೊಂಡದ್ದು ಇಟಲಿಯ ಗುಡ್ಡದೂರೊಂದರ ಹನ್ನೆರಡನೆಯ ಶತಮಾನದ ಚರ್ಚು. ಅದರ ಕಂಬಗಳನ್ನು ಪಾಳುಬಿದ್ದ ರೋಮನ್ ದೇಗುಲಗಳಿಂದ ತಂದಿದ್ದರು. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಗಿಡ್ಡ ಕಂಬಗಳ ಕೆಳಗೆ ಕಲ್ಲು ಕೊಟ್ಟು ಸರಿದೂಗಿಸಿದ್ದಾರೆ. ಪ್ಲೇಗಿನ ಕಾಲದಲ್ಲಿ ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದರಂತೆ. ಈಗ ಅಲ್ಲಲ್ಲಿ ಸಂತರ ಮುಖಗಳು ಹೊರಬಂದಿವೆ. ಪೂಜಾವೇದಿಕೆಯ ಹಿಂದಿನ ಅರ್ಧವೃತ್ತದ ಗೋಡೆಗೆ ಬಂಗಾರದ ಬಣ್ಣದ ಗಾಜಿನ ಚೂರುಗಳನ್ನು ಕೂರಿಸಿದ್ದಾರೆ. ಅಲ್ಲಿ ಪಿಸುಗುಟ್ಟಿದರೂ ದನಿ ಬಹಳ ಹೊತ್ತು ನಿಲ್ಲುತ್ತದೆ. ಯಾರೂ ಇಲ್ಲದಾಗ ಅಲ್ಲೊಂದು ಬಲೂನು ಒಡೆದು ಪ್ರತಿಧ್ವನಿಯನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಅಷ್ಟಿದ್ದರೆ ಸಾಕು, ಎಲ್ಲಿ ಹಾಡಿದ ಹಾಡನ್ನಾದರೂ ಕಂಪ್ಯೂಟರ್ ಆ ಚರ್ಚಿನೊಳಗೇ ಹಾಡಿದಂತೆ ಕೇಳಿಸಬಲ್ಲದು.

ಸೋಮವಾರ ಅವ್ವನಿಗೆ ಗಂಟಲಿನ ಆಪರೇಷನ್ ಇತ್ತು. ದನಿ ಉಳಿಯುವ ಭರವಸೆ ಇಲ್ಲವೆಂದು ಡಾಕ್ಟರ್ ಹೇಳಿದ್ದರು. ಧಾರವಾಡದಲ್ಲಿ ಅಜ್ಜಿ ಬೀಸುವಾಗ ಹಾಡುತ್ತಿದ್ದ ತ್ರಿಪದಿಯೊಂದನ್ನು ಅಷ್ಟರೊಳಗೆ ಅವ್ವನ ದನಿಯಲ್ಲಿ ಹಿಡಿದಿಡಬೇಕಿತ್ತು. ವಿದೇಶದಲ್ಲಿ ನಾವಿರುವ ವೆಂಬ್ಲಿಯ ಫ್ಲ್ಯಾಟಿನಲ್ಲಿ ಸದ್ದು ಮರುಕಳಿಸದ ಜಾಗವೆಂದರೆ ಕೋಟುಗಳ ಕಪಾಟೊಂದೇ. ಅದರೊಳಗೆ ಸ್ಟೂಲಿಟ್ಟು ಕೂರಿಸಿದೆ.

“ಏ ಹುಡುಗಿ, ನಿಮ್ಮ ಚರ್ಚಿನ್ಯಾಗ ಜ್ವಾಳ ಬೀಸಾಕ ಬಿಡ್ತಾರೇನ?” ಎಂದು ನಕ್ಕು ಅವ್ವ ಹಾಡಿದಳು:

ಕೋಳಿ ಕೂಗುವ ಮುಂದ ಜ್ವಾಳ ಬೀಸಲು ಕುಂತೆ
ತವರ ನೆನಪಾತ ಎದಿಯಾಗ – ಹಡದವ್ವ

ಅಲ್ಲಿಗೆ ನಿಲ್ಲಿಸಿಬಿಟ್ಟಳು. “ಮೂರನೇದು ನೆನಪಾಗವಲ್ದು. ಅದು ನಮ್ಮವ್ವನ ಜೋಡಿನ ಹೋತು.”

ಎರಡೇ ಸಾಲನ್ನು ಕತ್ತರಿಸಿಕೊಂಡು ಚರ್ಚಿನ ಪ್ರತಿಧ್ವನಿಯೊಂದಿಗೆ ಸೇರಿಸಿದೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪೀಕರ್ ಹಾಕಿದೆ. ‘ಹಡದವ್ವ’ ಎಂಬುದು ನಿಧಾನವಾಗಿ ಕರಗುತ್ತಿತ್ತು. ಅದು ಪೂರ್ತಿ ಅಡಗುವ ಮೊದಲೇ, ದೂರದ ಗೋಡೆಯ ಕಡೆಯಿಂದೆಂಬಂತೆ, ಅವ್ವನದೇ ದನಿಯಲ್ಲಿ ಮೂರನೆಯ ಸಾಲು ಬಂತು. ಆ ಸಾಲನ್ನು ನಾನು ಎಂದೂ ಕೇಳಿರಲಿಲ್ಲ.

ಅವ್ವ ನನ್ನ ಕೈ ಬಿಗಿಯಾಗಿ ಹಿಡಿದಳು. “ಇದ ನೋಡು, ಇದs ಅದು! ನಾ ಯಾವಾಗ ಹಾಡಿದೆ ಇದನ್ನ?”

ಹಾಡಿರಲಿಲ್ಲ. ಮೂಲ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳಿದೆ. ಅಲ್ಲಿರುವುದು ಎರಡೇ ಸಾಲು. ಅದನ್ನೇ ಮತ್ತೆ ಚರ್ಚಿನ ಪ್ರತಿಧ್ವನಿಗೆ ಸೇರಿಸಿದಾಗಲೂ ಎರಡೇ ಸಾಲು ಬಂದವು. ಮೊದಲ ಸಲ ತಯಾರಾದ ಫೈಲಿನಲ್ಲಿ ಮಾತ್ರ ಮೂರನೆಯದು ಇಂದಿಗೂ ಇದೆ. ಕೇಳಿದ ನನ್ನ ಅಧ್ಯಾಪಕರು, ಬೇರೆ ಯಾವುದೋ ರೆಕಾರ್ಡಿಂಗ್ ಸೇರಿಕೊಂಡಿರಬೇಕು ಎಂದರು. ಅವ್ವ ಆ ಸಾಲು ಹಾಡಿದ ಬೇರೆ ರೆಕಾರ್ಡಿಂಗೇ ಇಲ್ಲ.

ಆಪರೇಷನ್ ಆಯಿತು. ಅವ್ವನಿಗೀಗ ಪಿಸುಮಾತಷ್ಟೇ ಸಾಧ್ಯ. ರೊಟ್ಟಿ ತಟ್ಟುವಾಗ ತುಟಿ ಮಾತ್ರ ಆಡಿಸುತ್ತ ಮೂರೂ ಸಾಲು ಹೇಳಿಕೊಳ್ಳುತ್ತಾಳೆ.

ನನಗೆ ಇದು ಇನ್ನೂ ಅರ್ಥವಾಗಿಲ್ಲ. ಈ ಹಾಡನ್ನು ಪೂರ್ತಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ಕಳಿಸಿ. ಮೂರನೆಯ ಸಾಲನ್ನು ನಾನಿಲ್ಲಿ ಬೇಕೆಂದೇ ಕೊಟ್ಟಿಲ್ಲ; ನೀವು ಕಳಿಸುವುದು ನಾವು ಕೇಳಿದ್ದಕ್ಕೆ ಹೊಂದುತ್ತದೆಯೇ ನೋಡಬೇಕು.