ಎಮ್ಮೆಗಳು ಕಾಲುವೆ ದಾರಿ ಬಿಟ್ಟ ದಿನ

ಜನರ ನಡುವೆ ಅಡಗಿದ ಬಂಡುಕೋರರನ್ನು ಜನರ ನಡುವೆಯೇ ಬಾಳಿ ಎದುರಿಸುವ ವಿದ್ಯೆಯಲ್ಲಿ ನಮ್ಮ ಸೇನೆ ಕಂಡ ಅಗ್ರಗಣ್ಯರ ಸಾಲಿನಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ನನ್ನ ಸಹಪಾಠಿ ಕರ್ನಲ್ ಅವರದು ಮೊದಲ ಸ್ಥಾನ. ಈ ಒಂದು ವಾಕ್ಯ ಬರೆಯಲು ನನಗೆ ಮೂರು ದಿನ ಹಿಡಿಯಿತು. ಹೊಟ್ಟೆಕಿಚ್ಚಿಗೆ ನಿವೃತ್ತಿಯ ವಯಸ್ಸೆಂಬುದಿಲ್ಲ.

ತರಬೇತಿ ಶಾಲೆಯಲ್ಲಿ ಗುರಿಯಲ್ಲೂ ಓಟದಲ್ಲೂ ನಾನೇ ಮುಂದು. ಇಬ್ಬರಿಗೂ ಒಂದೇ ಕಣಿವೆಯಲ್ಲಿ ಅಕ್ಕಪಕ್ಕದ ಠಾಣೆಗಳು ದೊರೆತಾಗ ನಾನು ಎತ್ತರದ ಗೋಡೆ ಕಟ್ಟಿಸಿ, ಮುಳ್ಳುತಂತಿ ಬಿಗಿಸಿ, ಕುಡಿಯುವ ನೀರನ್ನೂ ಟ್ಯಾಂಕರಿನಲ್ಲಿ ತರಿಸಿದೆ. ಅವರಾದರೋ ಹನ್ನೆರಡು ಮಂದಿ ಸೈನಿಕರೊಡನೆ ಊರ ನಡುವಿನ ಹಳೆಯ ಹೊಲಿಗೆ ಅಂಗಡಿಯಲ್ಲಿ ಬಿಡಾರ ಹೂಡಿ, ಊರಿನ ಕಾವಲುಪಡೆಯವರೊಂದಿಗೆ ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸಿ, ಪ್ರತಿ ಪಹರೆಗೂ ತಮ್ಮವನೊಬ್ಬ ಊರಿನವನೊಬ್ಬ ಎಂದು ಜೋಡಿ ಹಾಕಿ, ಬೀದಿ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ತಾವೂ ನಿಂತರು. ಬಂದವರು ಹೊರಡುವ ಸೂಚನೆ ಕಾಣದಿದ್ದಾಗ ಊರಿನವರು ಅವರಿಗೆ ‘ಮನೆ ಅಳಿಯಂದಿರು’ ಎಂದು ಹೆಸರಿಟ್ಟರು. ಮೊದಲು ಅದು ಕುಹಕವಾಗಿತ್ತು; ಠಾಣೆಯ ವೈದ್ಯ ಸಹಾಯಕ ಎರಡು ಹೆರಿಗೆಗಳಿಗೆ ನೆರವಾದ ಮೇಲೆ ಅಕ್ಕರೆಯಾಯಿತು. ನನ್ನನ್ನು ‘ಗೋಡೆ ಸಾಹೇಬ’ ಎನ್ನುತ್ತಿದ್ದರು. ಕೊನೆಯವರೆಗೂ ಅದು ಕುಹಕವಾಗಿಯೇ ಉಳಿಯಿತು.

ಒಂದು ಬೆಳಗ್ಗೆ ನನ್ನ ಸಹಪಾಠಿ ವೈರ್‌ಲೆಸ್‌ನಲ್ಲಿ ನನ್ನನ್ನು ಕರೆದರು. "ಇವತ್ತು ಕಾಲುವೆ ದಾರೀಲಿ ಗಾಡಿ ಕಳಿಸ್ಬೇಡಪ್ಪ. ಹಾಲಿನಜ್ಜಿ ಎಮ್ಮೆಗಳನ್ನ ಆ ಕಡೆ ಹೊಡೀಲೇ ಇಲ್ಲ. ಯಾಕಜ್ಜಿ ಅಂದ್ರೆ ಮುಖ ತಿರುಗಿಸ್ತಾರೆ."

"ಎಮ್ಮೆ ಕೇಳಿ ಯುದ್ಧ ಮಾಡೋ ಕಾಲ ಬಂತಾ?" ಎಂದೆ.

ನನ್ನ ಸಿಟ್ಟು ಎಮ್ಮೆಗಳ ಮೇಲಲ್ಲ. ಆ ಅಜ್ಜಿ ನಿತ್ಯ ಹಾದುಹೋಗುತ್ತಿದ್ದುದು ನನ್ನ ಗೇಟಿನ ಮುಂದೆ. ಅವರ ಮುಖ ನೋಡಿ ಮನಸ್ಸು ತಿಳಿಯುವಷ್ಟು ಸಲುಗೆ ಇವನಿಗೇಕೆ, ನನಗೇಕಿಲ್ಲ ಎಂಬ ಉರಿ. ಗಾಡಿ ಕಳಿಸಿದೆ. ನೆಲಬಾಂಬು ಸಿಡಿದು ನನ್ನ ಚಾಲಕ ಎಡಗಾಲು ಕಳೆದುಕೊಂಡ.

ವಿಚಾರಣೆಯಲ್ಲಿ ಮುನ್ಸೂಚನೆ ಇತ್ತೇ ಎಂದು ಕೇಳಿದರು. ಇರಲಿಲ್ಲವೆಂದೆ. ಪಕ್ಕದ ಕುರ್ಚಿಯಲ್ಲಿದ್ದ ಅವರು ನನ್ನತ್ತ ಒಮ್ಮೆ ನೋಡಿದರು. ತಮ್ಮ ಸರದಿ ಬಂದಾಗ ಆ ಕರೆಯ ಮಾತೆತ್ತಲಿಲ್ಲ. ಹೊರಗೆ ಬಂದ ಮೇಲೆ, "ನಡಿ, ನಿನ್ನ ಡ್ರೈವರ್‌ನ ನೋಡ್ಕೊಂಡು ಬರೋಣ," ಎಂದಷ್ಟೇ ಹೇಳಿದರು. ಯಾವ ಮುಖ ಹೊತ್ತು ಹೋಗಲಿ? ನಾನು ಹೋಗಲಿಲ್ಲ. ಅವರು ಹೋದರು, ಇಪ್ಪತ್ತೆರಡು ವರ್ಷಗಳಿಂದ ವರ್ಷಕ್ಕೊಮ್ಮೆ ತಪ್ಪದೆ ಹೋಗುತ್ತಲೇ ಇದ್ದಾರೆ. ನನ್ನ ಚಾಲಕ ಈಗ ಅವರ ಆಪ್ತ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.

ಅವರಿಂದ ಪಡೆದ ಒಂದು ಉಪಕಾರವನ್ನು ಸ್ಮರಿಸಿ ಎಂದು ಈ ಅಭಿನಂದನಾ ಸಂಪುಟದ ಸಂಪಾದಕರು ಕೇಳಿದ್ದರು. ಆ ಮೌನವೇ ಅದು. ಚಾಲಕ ಇಂದಿಗೂ ನಡೆದದ್ದನ್ನು ಹಣೆಬರಹವೆಂದೇ ನಂಬಿದ್ದಾನೆ. ಈ ಸಂಪುಟದ ಒಂದು ಪ್ರತಿ ಅವನ ಮನೆಗೂ ಹೋಗುವುದೆಂದು ತಿಳಿದೇ ಬರೆದಿದ್ದೇನೆ.

ನನ್ನ ಮಿತ್ರರು ನೂರ್ಕಾಲ ಬಾಳಲಿ. ಹೊಸ ಅಧಿಕಾರಿಗಳಿಗೆ ಗೋಡೆ ಕಟ್ಟುವ ಮೊದಲು ನಲ್ಲಿಯ ಸಾಲಿನಲ್ಲಿ ನಿಲ್ಲುವುದನ್ನು ಕಲಿಸುತ್ತಿರಲಿ. ಈ ವರ್ಷ ಚಾಲಕನ ಮನೆಗೆ ಹೊರಡುವಾಗ ನನ್ನನ್ನೂ ಜೊತೆಗೆ ಕರೆಯಲಿ. ಅವನು ಬಾಗಿಲು ತೆರೆಯದಿದ್ದರೆ ನಾನು ಹೊರಗೇ ನಿಂತಿರುತ್ತೇನೆ.