ಡಯಾಲಿಸಿಸ್ ಮುಗಿದ ಮೇಲಿನ ಮಾತ್ರೆ

ಅದು ೧೯೯೮ನೇ ಇಸವಿ. ಶಿಕಾರಿಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಯಜಮಾನರಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆರಡು ಸಲ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಜೊತೆಗೆ ನಾನು.

ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ, ಲಿಂಗಕ್ಕೆ ಅರ್ಪಿಸದೆ ಅವರು ಏನನ್ನೂ ಬಾಯಿಗೆ ಹಾಕುವವರಲ್ಲ. ಮಾತ್ರೆಗೂ ಅದೇ ನೇಮ. ಡಾಕ್ಟರು ಬರೆದುಕೊಟ್ಟ ವಿಟಮಿನ್ ಮಾತ್ರೆಯನ್ನು ಬೆಳಗಿನ ಪೂಜೆಯಲ್ಲೇ ಅರ್ಪಿಸಿ, ನುಂಗಿ, ಬಸ್ಸು ಹತ್ತುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಮಾತ್ರೆ ನುಂಗುವವರನ್ನು ನಾನಂತೂ ಬೇರೆ ಕಂಡಿಲ್ಲ.

ಆದರೂ ಬಾಯಿತುಂಬ ಹುಣ್ಣು. ನಾಲಿಗೆ ಕೆಂಪಗೆ ಸುಲಿದುಹೋಗಿತ್ತು. ಗಂಜಿ ಕುಡಿದರೂ ಉರಿ. ಒಂದು ದಿನ ತಟ್ಟೆ ಸರಿಸಿ, "ಉಣ್ಣಾಕೇ ಆಗದ ಮ್ಯಾಲೆ ಬದುಕಿ ಏನು ಮಾಡ್ಲಿ? ಇನ್ನ ನಾ ಶಿವಮೊಗ್ಗಕ್ಕೆ ಬರಂಗಿಲ್ಲ" ಎಂದುಬಿಟ್ಟರು. ಹಟ ಹಿಡಿದರೆ ಬಿಡುವ ಮನುಷ್ಯರಲ್ಲ. ಡಯಾಲಿಸಿಸ್ ಬಿಟ್ಟರೆ ಜೀವ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಇದೊಂದು ಸಲ ಬನ್ನಿ, ಆಮೇಲೆ ನಿಮ್ಮಿಷ್ಟ ಎಂದು ಕಾಲು ಹಿಡಿದು ಹೊರಡಿಸಿದೆ.

ಡಾಕ್ಟರು ಬಾಯಿ ನೋಡಿ, ಮಾತ್ರೆ ಯಾವಾಗ ತಗೊಳ್ತೀರಿ ಎಂದು ಕೇಳಿದರು. ಹೇಳಿದೆವು. ಡಯಾಲಿಸಿಸ್‌ನಲ್ಲಿ ರಕ್ತದ ಕಲ್ಮಶದ ಜೊತೆಗೆ ವಿಟಮಿನ್ನೂ ತೊಳೆದುಹೋಗುತ್ತದೆ, ಬೆಳಿಗ್ಗೆ ನುಂಗಿ ಬಂದರೆ ಮಾತ್ರೆಯ ಸತ್ವವೂ ಹೋಗುತ್ತದೆ, ಅದಕ್ಕೇ ಈ ಹುಣ್ಣು, ಎಲ್ಲ ಮುಗಿದ ಮೇಲೆ ತಗೊಳ್ಳಿ ಎಂದರು.

ಊರು ಮುಟ್ಟುವಾಗ ರಾತ್ರಿಯಾಗಿ, ಸುಸ್ತಿಗೆ ಸ್ನಾನವೂ ಇಲ್ಲದೆ ಅವರು ಮಲಗಿಬಿಡುತ್ತಿದ್ದರು. ಅದಕ್ಕೇ ಅವತ್ತು ಡಯಾಲಿಸಿಸ್ ಮುಗಿಸಿ ಹೊರಗೆ ಬೆಂಚಿನ ಮೇಲೆ ಕೂತಾಗಲೇ ಮಾತ್ರೆ ಕೈಗಿಟ್ಟೆ. ಅವರು ನುಂಗಲಿಲ್ಲ. ಚಳಿಗೆ ಮೈ ನಡುಗುತ್ತಿತ್ತು. "ಸ್ನಾನ ಇಲ್ದೆ, ಈ ರಕ್ತದ ಮೈಯಾಗೆ ಲಿಂಗ ಹೆಂಗೆ ಮುಟ್ಲಿ?" ಎಂದರು.

ಅವರಿಗೆ ಎದುರು ಮಾತಾಡಿದವಳಲ್ಲ ನಾನು. ಅವತ್ತು ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ರಕ್ತ ಹೊರಗೆ ಹೋಗಿ ಬರೋವಾಗೂ ಲಿಂಗ ನಿಮ್ಮ ಎದಿ ಮ್ಯಾಲೇ ಇತ್ತಲ್ರೀ. ಅದು ನಿಮ್ಮನ್ನ ಬಿಟ್ಟು ಸರೀಲಿಲ್ಲ. ನೀವ್ಯಾಕೆ ಸರೀತೀರಿ?"

ಅವರು ಎದ್ದು ನಲ್ಲಿಯ ಕಡೆಗೆ ನಡೆದರು. ಆಮೇಲೆ ಕೈ ತೊಳೆದು ಬಂದು, ವಿಭೂತಿ ಹಚ್ಚಿ, ಪಟ್ಟಿ ಕಟ್ಟಿದ್ದ ಎಡಗೈಯಲ್ಲೇ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರು. ಮಾತ್ರೆ ಅರ್ಪಿಸಿ ನುಂಗಿದರು. ಓಡಾಡುವವರು ನಿಂತು ನೋಡಿದರು. ನೋಡಲಿ ಬಿಡಿ ಎಂದುಕೊಂಡೆ.

ಮುಂದೆ ಅದೇ ರೂಢಿಯಾಯಿತು. ಹುಣ್ಣು ನಿಧಾನವಾಗಿ ಮಾಯ್ದವು. ಶಿವಮೊಗ್ಗಕ್ಕೆ ಬರುವುದಿಲ್ಲ ಎಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಪಲ್ಯಕ್ಕೆ ಉಪ್ಪು ಸಾಲದೆಂದು ನನ್ನ ಮೇಲೆ ರೇಗುವಷ್ಟು ರುಚಿಯೂ ಬಂತು. ಉಪ್ಪು ಮಾತ್ರ ನಾನು ಹಾಕಲಿಲ್ಲ.

ಒಂದೂವರೆ ವರ್ಷದ ನಂತರ ಅವರು ತೀರಿಕೊಂಡರು. ಆ ಮಾತ್ರೆಯಿಂದ ಆಯುಷ್ಯ ಹೆಚ್ಚಿತೆಂದು ನಾನು ಹೇಳಲಾರೆ. ಆದರೆ ಹೋದ ದಿನ ಮಧ್ಯಾಹ್ನ ರೊಟ್ಟಿ ತಿಂದು, ಇನ್ನರ್ಧ ಕೊಡು ಎಂದು ಕೇಳಿ ಹಾಕಿಸಿಕೊಂಡಿದ್ದರು. ಈಗಲೂ ಸಂಕಟವಾದಾಗ ನನಗೆ ನಾನೇ ಹೇಳಿಕೊಳ್ಳುತ್ತೇನೆ, ನಮ್ಮ ಯಜಮಾನರು ಹಸಿದುಕೊಂಡು ಹೋಗಲಿಲ್ಲ.