ಶನಿವಾರವೇ ನೋಡಿ ಬಂದ ಭಾನುವಾರ

ಭಾನುವಾರ ಮನೆಮಂದಿಯೊಂದಿಗೆ ಎಲ್ಲಿಗಾದರೂ ಹೋಗಬೇಕೆಂದರೆ ಶನಿವಾರವೇ ನಾನೊಬ್ಬನೇ ಅಲ್ಲಿಗೆ ಹೋಗಿ ನೋಡಿ ಬರುತ್ತೇನೆ. ಗಾಡಿ ನಿಲ್ಲಿಸಲು ಜಾಗ ಇದೆಯೇ, ಶೌಚಾಲಯದ ಚಿಲಕ ಬೀಳುತ್ತದೆಯೇ, ಕುಡಿಯುವ ನೀರಿನ ಟಾಕಿಗೆ ಮುಚ್ಚಳ ಇದೆಯೇ, ಅಲ್ಲಿಯ ನಾಯಿಗಳ ಸ್ವಭಾವ ಎಂಥದ್ದು, ಇಷ್ಟಾದರೂ ತಿಳಿಯದೆ ಹೆಂಡತಿ ಮಗಳನ್ನು ಕರೆದುಕೊಂಡು ಹೊರಡುವ ಎದೆಗಾರಿಕೆ ನನಗಿಲ್ಲ. ಮನೆಯಲ್ಲಿ ಇದನ್ನು ಹೇಳುವುದಿಲ್ಲ. ‘ಬ್ಯಾಂಕಿಗೆ ಹೋಗಿ ಬರುತ್ತೇನೆ’ ಎನ್ನುತ್ತೇನೆ. ಶನಿವಾರ ಬ್ಯಾಂಕುಗಳಿಗೆ ಅರ್ಧಕ್ಕರ್ಧ ರಜೆಯೇ ಎಂಬುದು ಇನ್ನೂ ಯಾರಿಗೂ ಹೊಳೆದಿಲ್ಲವೆಂದು ನಾನು ನಂಬಿದ್ದೆ.

ತಪ್ಪು ನನ್ನದಲ್ಲ, ಹೊಟ್ಟೆಪಾಡಿನದು. ಭಾಲ್ಕಿಯಿಂದ ಬಂದವನಿಗೆ ಸಂಭಾಜಿನಗರದ ಪಕ್ಕದ ವಾಳೂಜಿನ ಕಾರ್ಖಾನೆಯೊಂದರಲ್ಲಿ ಸಿಕ್ಕ ಮೊದಲ ಕೆಲಸವೇ ಮಾಲು ಹೊರಗೆ ಹೋಗುವ ಮುಂಚೆ ತಪಾಸಣೆ ಮಾಡುವುದು. ಆಮೇಲೆ ಕಾರ್ಖಾನೆ ಬದಲಾಯಿತು, ಊರು ಬದಲಾಗಿ ನಾಶಿಕ ಆಯಿತು, ಕೆಲಸ ಮಾತ್ರ ಅದೇ. ಕುಂದು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡ ಕಣ್ಣು ರಜೆಯ ದಿನ ಬೇರೇನು ಮಾಡೀತು? ಹೀಗಾಗಿ ನಮ್ಮ ತಿರುಗಾಟಗಳು ಬಹಳಷ್ಟು ತಪಾಸಣೆಯಲ್ಲೇ ನಪಾಸಾಗುತ್ತವೆ.

ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ನನ್ನ ಅತ್ತೆಯವರ ಮೇಲೆ. ನಾವು ಸಂಭಾಜಿನಗರದಲ್ಲಿದ್ದಾಗ ಅವರು ಊರಿನಿಂದ ಮೊದಲ ಸಲ ಬಂದರು. ಹತ್ತಿರದ ವೇರೂಳದಲ್ಲಿ ಬಂಡೆ ಕೊರೆದು ಮಾಡಿದ ಗುಹೆ ತೋರಿಸಬೇಕೆಂದು ಹೆಂಡತಿ ಮಹಾದೇವಿಗೆ ಆಸೆ. ನಾನು ಮುಂಚಿತವಾಗಿ ನೋಡಿ ಬರಲು ಹೋದದ್ದು ಮಂಗಳವಾರ. ಅಂದು ಅದಕ್ಕೆ ವಾರದ ರಜೆ. ಇಂಥ ಭರವಸೆಯಿಲ್ಲದ ಜಾಗಕ್ಕೆ ಹಿರಿಯರನ್ನು ಕರೆದೊಯ್ಯುವುದು ಬೇಡವೆಂದು ತೀರ್ಮಾನಿಸಿದೆ. ಸಾವಿರಕ್ಕೂ ಹೆಚ್ಚು ವರ್ಷ ನಿಂತ ಗುಹೆಗೆ ಅಷ್ಟೊಂದು ಭರವಸೆ ಸಾಲದೇ ಎಂದು ಮಹಾದೇವಿ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಎರಡನೆಯ ಸಲ ನಾಶಿಕಕ್ಕೇ ಬಂದರು. ಆಗ ಪಂಚವಟಿಯ ಗಲ್ಲಿಗಳ ನೂಕುನುಗ್ಗಲು ನೋಡಿ ಬಂದು, ಮೋಡದ ನೆಪ ಹೇಳಿ ಎಲ್ಲರನ್ನೂ ಮನೆಯಲ್ಲಿ ಕೂರಿಸಿದೆ. ಮಳೆ ಬರಲಿಲ್ಲ.

ಈ ಸಲ ಅವರು ಬಂದಾಗ ಮಹಾದೇವಿ ಮೊದಲೇ ಹೇಳಿಬಿಟ್ಟಳು.

“ನಮ್ಮವ್ವ ಮೂರನೇ ಸಲ ಬಂದಾಳ. ನಾಶಿಕ್ ಅಂದ್ರ ನಿಮ್ಮ ಮನಿ ಗ್ಯಾಲರಿ ಅಷ್ಟೇ ಅಂತ ತಿಳಕೊಂಡು ಹೋಗೋದು ಬ್ಯಾಡ. ಸೋಮವಾರ ಆಕಿ ಊರಿಗಿ ಹೋಗೋ ಗಾಡಿ ಅದ. ಆಯ್ತಾರ ಆಕಿಗಿ ಮಿಸಳ್ ತಿನಿಸ್ಬೇಕು. ನೀವು ಬಂದ್ರ ಬರ್ರಿ, ಇಲ್ಲಂದ್ರ ನಾವು ಮೂವರು ರಿಕ್ಷಾದಾಗ ಹೋಗ್ತೀವಿ.”

ನಾಶಿಕದವರಿಗೆ ಭಾನುವಾರ ಬೆಳಗಿನ ಮಿಸಳ್ ಒಂದು ವ್ರತ. ಮೊಳಕೆ ಬರಿಸಿದ ಮಡಕಿ ಕಾಳು, ಅದರ ಮೇಲೆ ಖಾರದ ಶೇವು, ಈರುಳ್ಳಿ, ಎಲ್ಲದರ ಮೇಲೆ ರಸ್ಸಾ ಎಂಬ ಬೆಂಕಿಯಂಥ ತೆಳು ಸಾರು. ಪಕ್ಕದಲ್ಲಿ ಪಾವು, ಹಪ್ಪಳ, ಮೊಸರು, ಜಿಲೇಬಿ. ಮರಾಠಿಯಲ್ಲಿ ಮಿಸಳ್ ಎಂದರೇ ಬೆರಕೆ, ಹೆಸರಿಗೆ ತಕ್ಕಂತೆಯೇ ಇದೆ. ನಮ್ಮ ಮನೆಯ ಮಾತೂ ಹೀಗೆಯೇ: ಮಗಳು ಶ್ರೇಯಾ ಕನ್ನಡದಲ್ಲಿ ಶುರು ಮಾಡಿ, ನಡುವೆ ಮರಾಠಿಯ ರಸ್ಸಾ ಸುರಿದು, ಕೊನೆಗೆ ಇಂಗ್ಲಿಷಿನ ಶೇವು ಉದುರಿಸುತ್ತಾಳೆ. ಹಿಂದೆ ಮಿಸಳನ್ನು ಗಲ್ಲಿಯ ಅಂಗಡಿಯಲ್ಲಿ ನಿಂತು ತಿಂದು, ಮೂಗು ಒರೆಸಿಕೊಂಡು ಹೋಗುತ್ತಿದ್ದರು. ಈಗ ಅದು ಊರಾಚೆಯ ಹೊಲಗಳಿಗೆ ಹೋಗಿದೆ. ಅಲ್ಲಿ ಜೋಕಾಲಿ, ಒಂಟೆ, ಫೋಟೋ ತೆಗೆಸಿಕೊಳ್ಳಲು ನಿಲ್ಲಿಸಿದ ಎತ್ತಿನ ಬಂಡಿ, ಸರದಿ ಕೂಗಲು ಮೈಕು. ತಿನ್ನುವುದು ಹತ್ತು ನಿಮಿಷದ ಕೆಲಸ, ಉಳಿದದ್ದೆಲ್ಲ ಕಾಯುವುದು. ವಾರವಿಡೀ ಕಚೇರಿಯಲ್ಲಿ ಸರದಿ ನಿಂತವರು ಭಾನುವಾರ ಇಲ್ಲಿ ಬಂದು ಸಂತೋಷದಿಂದ ಯಾಕೆ ಸರದಿ ನಿಲ್ಲುತ್ತಾರೋ ನನಗೆ ಇನ್ನೂ ಅರ್ಥವಾಗಿಲ್ಲ.

ಸರಿ, ಶನಿವಾರ ‘ಬ್ಯಾಂಕಿಗೆ’ ಎಂದು ಹೇಳಿ ಅಂಥದೊಂದು ಮಿಸಳಿನ ಹೊಲಕ್ಕೆ ಹೋದೆ. ನನ್ನ ದೊಡ್ಡ ಚಿಂತೆ ಅತ್ತೆಯವರ ಪೂಜೆ. ಅವರು ಕೊರಳಲ್ಲಿ ಲಿಂಗ ಧರಿಸಿದವರು. ಸ್ನಾನವಾಗಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಬಾಯಿಗೆ ಹನಿ ನೀರೂ ಇಲ್ಲ. ಆ ಪೂಜೆಗೆ ಅವಸರವೆಂಬುದು ಗೊತ್ತಿಲ್ಲ. ಮನೆಯಲ್ಲೇ ಮುಗಿಸಿ ನಿಧಾನವಾಗಿ ಹೊರಡಬಹುದಿತ್ತು. ಆದರೆ ಅಲ್ಲಿಯ ಕಾವಲುಗಾರ, ಭಾನುವಾರ ಏಳರ ಮೇಲೆ ಬಂದರೆ ಗಾಡಿ ರಸ್ತೆಯಲ್ಲೇ ಎಂದ. ಆದ್ದರಿಂದ ಸ್ನಾನ ಮನೆಯಲ್ಲಿ, ಪೂಜೆ ಅಲ್ಲಿ ಎಂದು ಗೊತ್ತುಮಾಡಿದೆ. ಮ್ಯಾನೇಜರನನ್ನು ಕಂಡು, ಹಿರಿಯರಿಗೆ ಶಾಂತವಾದ ಒಂದು ಮೂಲೆ ಬೇಕೆಂದೆ. “ಬಿಂದಾಸ್ ಯಾ, ಕಾಕಾ,” ಧಾರಾಳವಾಗಿ ಬನ್ನಿ ಎಂದು ಅವನು ತನ್ನ ಆಫೀಸ್ ಕೋಣೆಯನ್ನೇ ತೆರೆದು ತೋರಿಸಿದ. ಇಷ್ಟೆಲ್ಲ ಕೇಳಿ ಏನೂ ತಿನ್ನದೆ ಬರುವುದು ಸರಿಯಲ್ಲವೆಂದು ಒಂದು ಪ್ಲೇಟು ತಿಂದೆ. ಸಂಜೆಯಿಂದಲೇ ಹೊಟ್ಟೆ ತನ್ನ ತಪಾಸಣಾ ವರದಿ ಕಳಿಸತೊಡಗಿತು.

ಭಾನುವಾರ ಎಲ್ಲರನ್ನೂ ಬೆಳಕು ಹರಿಯುವ ಮುಂಚೆ ಎಬ್ಬಿಸಿ ಹೊರಡಿಸಿದೆ. ಏಳಕ್ಕೆ ಮೊದಲೇ ತಲುಪಿದೆವು. ಇಡೀ ನಾಶಿಕ ನಮಗಿಂತ ಮೊದಲೇ ತಲುಪಿತ್ತು. ಕಾವಲುಗಾರ ಕೈಯೆತ್ತಿ ರಸ್ತೆ ತೋರಿಸಿದ. ಗಾಡಿ ರಸ್ತೆಯಲ್ಲೇ ನಿಂತಿತು. ಹೆಸರು ಬರೆಸಲು ಹೋದರೆ ಮೈಕಿನಲ್ಲಿ “ಪಾಟೀಲ್, ಚಾರ್ ಜಣ್” ಎಂದು ನಾಲ್ಕು ಜನರಿರುವ ಪಾಟೀಲರಿಗೆ ಕೂಗು. ಮೂರು ದಿಕ್ಕಿನಿಂದ ಮೂರು ಪಾಟೀಲರ ಸಂಸಾರಗಳು ಎದ್ದು ನಡೆದವು. ನಾನು ನಾಲ್ಕನೆಯ ಪಾಟೀಲ. ಹೆಸರು ಬರೆಸಿ ಆಫೀಸ್ ಕೋಣೆಗೆ ಓಡಿದೆ. ಯಾರದೋ ಹುಟ್ಟುಹಬ್ಬವಂತೆ, ಒಳಗೆಲ್ಲ ಬಲೂನು. ಉಳಿದ ಜಾಗದಲ್ಲಿ ಪಾವಿನ ಟ್ರೇಗಳು. “ಕಾಕಾ, ಆಜ್ ಸಂಡೇ ಆಹೆ,” ಎಂದ ಮ್ಯಾನೇಜರ, ಭಾನುವಾರ ಹೇಳದೆ ಕೇಳದೆ ಬಂದುಬಿಟ್ಟಿದೆ ಎಂಬಂತೆ.

ಹಿತ್ತಲಿಗೆ ಹೋದೆ, ಅಲ್ಲಿ ಜನರೇಟರು. ಕೈತೊಳೆಯುವ ಕಟ್ಟೆಯ ಹತ್ತಿರ ಹೋದೆ, ಅಲ್ಲಿ ಕೆಸರು. ಬೇಲಿಯ ಪಕ್ಕ ಸ್ವಲ್ಪ ಶಾಂತವಿತ್ತು, ಆದರೆ ಅದು ಒಂಟೆಯ ಸ್ವಂತದ ಜಾಗ. ಬೆವರುತ್ತ ವಾಪಸು ಬಂದು ನೋಡಿದರೆ ಅತ್ತೆಯವರು ಜೋಕಾಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಾರೆ. ಹಣೆಯಲ್ಲಿ ಆಗಲೇ ವಿಭೂತಿ; ಎಡಗೈಯಲ್ಲಿ ಲಿಂಗ; ಕಣ್ಣು ಅದರ ಮೇಲೆ. ಸುತ್ತ ಮಕ್ಕಳು ಜೋಕಾಲಿಗಾಗಿ ಜಗಳವಾಡುತ್ತಿದ್ದಾರೆ. ಆ ಕಣ್ಣು ಅಲುಗಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾನು ಸೋಮಾರಿಗಳ ಮೇಲಿನ ಟೀಕೆ ಎಂದುಕೊಂಡಿದ್ದೆ. ಸಂತೆಯಲ್ಲಿ ಎಚ್ಚರವಾಗಿಯೂ ಹೀಗೆ ಕೂರಬಹುದೆಂದು ಗೊತ್ತಿರಲಿಲ್ಲ. ದೇವರನ್ನೂ ಗುಡಿಯನ್ನೂ ಅಂಗೈಯಲ್ಲೇ ಹಿಡಿದು ಬಂದವರಿಗಾಗಿ ನಾನು ಜನರೇಟರಿನ ಹಿಂದೆ ಜಾಗ ಹುಡುಕಿ ಬಂದಿದ್ದೆ.

ಆ ಹೊತ್ತಿಗೇ ಮೈಕು ಕೂಗಿತು. ಈ ಸಲದ ಪಾಟೀಲರು ನಾವೇ.

“ಹೋತದ, ಸರದಿ ಹೋತದ,” ಎಂದೆ.

“ಹೋಗ್ಲಿ ಬಿಡ್ರಿ,” ಎಂದಳು ಮಹಾದೇವಿ, ದನಿ ಏರಿಸದೆ. “ನೀವು ಹಂಗೇ ಅಲ್ಲೇ ನಿಂದರ್ರಿ. ಅವ್ವಗ ನೆರಳರ ಬೀಳ್ತದ.”

ನಿಂತೆ. ನಮ್ಮ ಟೇಬಲ್ಲಿಗೆ ಇನ್ಯಾರೋ ಪಾಟೀಲರು ಹೋಗಿ ಕೂತರು.

ಕೊನೆಗೂ ನಮಗೆ ಟೇಬಲ್ ಸಿಕ್ಕಿದಾಗ ಬಡಿಸುವವನು ನನ್ನನ್ನು ನೋಡಿ ಹಲ್ಲು ಬಿಟ್ಟ. “ಕಾಕಾ, ಕಾಲ್ ಪಣ್ ಆಲಾ ಹೋತಾ ನಾ?” ನಿನ್ನೆಯೂ ಬಂದಿದ್ದಿರಲ್ಲ ಎಂದು ಅವನು ಇಡೀ ಸಾಲಿಗೆ ಕೇಳುವಂತೆ ವಿಚಾರಿಸಿದ.

ಮಹಾದೇವಿ ಹಪ್ಪಳ ಮುರಿದಳು. “ನಿನ್ನಿ ಬ್ಯಾಂಕಿಗಿ ಹೋಗಿದ್ರಿ.”

“ಅದರ ಆಮೇಲೆ…” ಎಂದೆ.

ಮಹಾದೇವಿ ತಾಯಿಯ ಕಡೆ ತಿರುಗಿದಳು. “ಹದಿನೆಂಟು ವರ್ಷದಿಂದ ಇವರ ಬ್ಯಾಂಕು ನನಗ ಗೊತ್ತದ. ಆದ್ರ ಅಲ್ಲಿ ಊಟಾನೂ ಹಾಕ್ತಾರಂತ ಇವತ್ತೇ ಗೊತ್ತಾಯ್ತು.”

“ಪಪ್ಪಾ, ನಮ್ಮನ್ನ ಬಿಟ್ಟು ಏಕಟೇಚ್? ಟೂ ಮಚ್,” ಎಂದಳು ಶ್ರೇಯಾ.

ಅತ್ತೆಯವರು ಯಾವ ಕಡೆಗೂ ಸೇರದೆ ಉಣ್ಣುತ್ತಿದ್ದರು. ಖಾರ ಹೆಚ್ಚಾದೀತು, ಪಾವು ಹಿಡಿಸಲಿಕ್ಕಿಲ್ಲ ಎಂದು ನಾನು ಎರಡು ದಿನ ಕೊರಗಿದ್ದೆ. ಅವರು ರಸ್ಸಾ ಎರಡು ಸಲ ಹಾಕಿಸಿಕೊಂಡರು. “ನಮ್ಮ ಮಡಕಿ ಕಾಳಿನ ಪಲ್ಲೇನೇ ಅದ. ಇವರು ನೀರು ಜಾಸ್ತಿ ಮಾಡ್ಯಾರ,” ಎಂದರು. ಆಮೇಲೆ ನನ್ನ ತಟ್ಟೆಯ ಕಡೆ ನೋಡಿದರು. ಅಲ್ಲಿ ಮೊಸರಿನ ಬಟ್ಟಲೊಂದೇ ಇತ್ತು. “ಅಳಿಯಾರು ಬರೀ ಮೊಸರು ಉಣ್ಣಲತ್ತಾರ. ಖಾರ ಆಗಂಗಿಲ್ಲೇನು?” ಎಂದು ತಮ್ಮ ಜಿಲೇಬಿಯನ್ನು ನನ್ನ ಕಡೆ ಸರಿಸಿದರು.

ವಾಪಸು ಬರುವಾಗ, ಮೂರನೆಯ ಸಲವೂ ಕೆಡಿಸಿದೆನಲ್ಲ, ಇವರು ನಾಳೆ ಊರಿಗೆ ಹೋಗಿ ಏನು ಹೇಳಿಯಾರು, ಇನ್ನೊಮ್ಮೆ ಬರುತ್ತಾರೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಗೇರು ಬದಲಿಸುತ್ತಿದ್ದೆ. ಹಿಂದಿನ ಸೀಟಿನಿಂದ ಅತ್ತೆಯವರ ದನಿ ಬಂತು.

“ಅಳಿಯಾರೇ, ದಿಂಡೋರಿ ಕಡಿ ದ್ರಾಕ್ಷಿ ತೋಟ ಛಂದ ಅವ ಅಂತಾಳ ಮಾದೇವಿ. ಮುಂದಿನ ಸಲ ಬಂದಾಗ ನೋಡಮು.”

“ಆಗಲಿರಿ,” ಎಂದೆ, ಎದೆ ಹಗುರಾಗಿ.

“ನೀವು ಹೆಂಗೂ ಶನಿವಾರ ಮುಂಚೇನೇ ಹೋಗಿ ನೋಡಿ ಬರ್ತೀರಲ್ಲ, ಆವಾಗೇ ನನ್ನೂ ಕರಕೊಂಡು ಹೋಗ್ರಿ. ಆಯ್ತಾರ ಮಂದಿ ಭಾಳ.”

ಮಹಾದೇವಿ ಬೆಳಗಿನಿಂದ ಮೊದಲ ಬಾರಿ ನಕ್ಕಳು. ನಾನೂ ನಕ್ಕೆ. ಎರಡು ಸಿಗ್ನಲ್ ದಾಟುವವರೆಗೂ ನಿಶ್ಚಿಂತನಾಗಿಯೇ ಇದ್ದೆ. ಮೂರನೆಯದರಲ್ಲಿ ಕೆಂಪು ದೀಪ ಬಿತ್ತು, ಯೋಚಿಸಲು ಸಮಯ ಸಿಕ್ಕಿತು: ಶನಿವಾರ ಅತ್ತೆಯವರನ್ನು ಕರೆದುಕೊಂಡು ಹೋಗುವುದಾದರೆ, ಆ ಜಾಗ ಹೇಗಿದೆಯೆಂದು ಶುಕ್ರವಾರವೇ ಒಮ್ಮೆ ಹೋಗಿ ನೋಡಿ ಬರಬೇಡವೇ?